ಕ್ಯಾಲೆಂಡರಿನಲ್ಲಿ ದೇವಪ್ಪ ಇಲ್ಲ

ನಿಮಗೂ ಹೀಗಾಗಿದೆಯಾ? ಫೋಟೋ ತೆಗೆಯುವಾಗ ನೀವು ಅಲ್ಲೇ ಇದ್ದಿರಿ. ಕ್ಯಾಮೆರಾದ ಎದುರಿಗೇ ಇದ್ದಿರಿ. ಫೋಟೋ ಬಂದಾಗ ಮಾತ್ರ ನೀವು ಅದರಲ್ಲಿಲ್ಲ.

ದೇವಪ್ಪನಿಗೆ ಹೀಗಾಯಿತು. ಮಾಡಿದವನು ನಾನೇ.

ಸಾಗರದ ನನ್ನ ಸ್ಟುಡಿಯೋ ನಿಮಗೆ ಗೊತ್ತು. ಇಪ್ಪತ್ತು ವರ್ಷದಿಂದ ಮದುವೆ, ಸ್ಕೂಲ್ ಗ್ರೂಪು, ಗಂಡಿನ ಕಡೆಯವರಿಗೆ ಕಳಿಸುವ ಹೆಣ್ಣಿನ ಫೋಟೋ. (ಮೂಗು ಸ್ವಲ್ಪ ಸಣ್ಣದು ಮಾಡಿಕೊಡಿ ಎಂದು ಕೇಳಿದವರ ಹೆಸರು ಇಲ್ಲಿ ಬರೆಯುವುದಿಲ್ಲ, ಹೆದರಬೇಡಿ.) ಈಚೆಗೆ ಹೊಸ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಕಂಪನಿಗಳು. ಮಾಲು ಚೆನ್ನಾಗಿದ್ದರೆ ಈಗ ಸಾಲದು, ಫೋಟೋವೂ ಚೆನ್ನಾಗಿರಬೇಕು. ಕಾರ್ಖಾನೆಯ ಮುಖ ನೋಡದ ದೂರದ ವ್ಯಾಪಾರಿ ಫೋಟೋ ನೋಡಿಯೇ ಆರ್ಡರ್ ಕೊಡುತ್ತಾನಂತೆ. ಕೊಡಲಿ. ನನಗೂ ಹೊಟ್ಟೆ ಇದೆ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ಹೆಂಚಿನ ಕಾರ್ಖಾನೆಯವರು ಹೇಳಿ ಕಳಿಸಿದರು. ಹೊಸ ವರ್ಷದ ಕ್ಯಾಲೆಂಡರಿಗೆ ಅವರ ಹೊಸ ಮಿಷನ್ನಿನ ಫೋಟೋ ಬೇಕು. ಹೆಂಚು ಒತ್ತುವ ಮಿಷನ್ನು. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ಮಿಷನ್ ಓಡ್ತಿರ್ಬೇಕು, ಜನ ಕಾಣಬಾರ್ದು. ನೋಡಿದವ್ರಿಗೆ ಅದು ತಾನೇ ಕೆಲ್ಸ ಮಾಡ್ತದೆ ಅನ್ನಿಸ್ಬೇಕು."

ಮಿಷನ್ ಹತ್ತಿರ ಹೋದರೆ ದೇವಪ್ಪ. ಐವತ್ತು ದಾಟಿದವನು. ಹಸಿ ಮಣ್ಣಿನ ಹಲಗೆ ಎತ್ತಿ ಮಿಷನ್ನಿಗೆ ಕೊಡುವುದು, ಒತ್ತಿದ ಹೆಂಚು ತೆಗೆದು ಒಣಗಲು ಇಡುವುದು ಅವನ ಕೆಲಸ. ಅವತ್ತು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ, ತಲೆಗೆ ಎಣ್ಣೆ ಬಳಿದುಕೊಂಡು ಬಂದಿದ್ದ. ಕಾಲು ಮಾತ್ರ ಬರಿಗಾಲು. ಚಪ್ಪಲಿಯನ್ನು ಕಂಬದ ಬುಡದಲ್ಲಿ ಬಿಟ್ಟೇ ಅವನು ಮಿಷನ್ ಮುಟ್ಟುವುದು. ಆಯುಧಪೂಜೆಯ ದಿನ ಮಾತ್ರವಲ್ಲ, ದಿನಾ.

"ನಾನ್ ಎಲ್ಲಿ ನಿಂತ್ಕಳ್ಲಿ ಮಾರಾಯ್ರೆ?" ಎಂದ.

ದೇವಪ್ಪ, ನೀನು ಫೋಟೋದಲ್ಲಿ ಬೇಡವಂತೆ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ಅಂಗಿ ನೋಡಿ ನನಗೆ ಬಾಯಿ ಬರಲಿಲ್ಲ. "ನಿಲ್ಲೋದೆಲ್ಲ ಬೇಡ, ನಿನ್ನ ಪಾಡಿಗೆ ಕೆಲ್ಸ ಮಾಡ್ತಿರು" ಎಂದೆ.

ಸ್ಟುಡಿಯೋದಲ್ಲಿ ನಾನು ಅಲ್ಲಾಡಬೇಡಿ, ಅಲ್ಲಾಡಬೇಡಿ ಎಂದು ಅರಚುವುದನ್ನು ನೀವೆಲ್ಲ ಕೇಳಿದ್ದೀರಿ. ಯಾಕೆ ಗೊತ್ತಾ? ಬೆಳಕು ಕಡಿಮೆ ಇರುವಲ್ಲಿ ಲೆನ್ಸನ್ನು ಬಹಳ ಹೊತ್ತು ತೆರೆದಿಡಬೇಕು. ಅಷ್ಟು ಹೊತ್ತೂ ನಿಂತದ್ದು ಅಚ್ಚಾಗುತ್ತದೆ. ಓಡಾಡಿದ್ದು ಮಾಯ. ಆ ಮಬ್ಬು ಶೆಡ್ಡಿನಲ್ಲಿ ನಾನು ಅರವತ್ತರವರೆಗೆ ಎಣಿಸಿದೆ. ಅರವತ್ತೂ ಮುಗಿಯುವ ತನಕ ದೇವಪ್ಪ ಆಚೆ ಈಚೆ ಓಡಾಡುತ್ತ ದುಡಿದ. ಮಾಯವಾಗುತ್ತಾನೆ ಎಂದು ನನಗೆ ಗೊತ್ತಿತ್ತು.

ಸಂಜೆ ಅವನು ಸ್ಟುಡಿಯೋಗೆ ಬಂದ. ಕೈಯಲ್ಲಿ ಒಂದು ಪೋಸ್ಟ್ ಕಾರ್ಡು. ಅವನಿಗೆ ಓದು ಬರಹ ಇಲ್ಲ. ಹೆಂಡತಿ ತೀರಿಕೊಂಡಿದ್ದಾಳೆ. ಇರುವ ಒಬ್ಬಳೇ ಮಗಳು ಸುಶೀಲ ತೀರ್ಥಹಳ್ಳಿಯಲ್ಲಿ, ಅಳಿಯನದು ಸೈಕಲ್ ಶಾಪು. ನಾಲ್ಕು ವರ್ಷದಿಂದ ಹೋಗಿಬರುವುದಿಲ್ಲ. ನಿಮ್ಮಪ್ಪನಿಗೆ ಕೆಲಸವೂ ಇಲ್ಲ ಏನೂ ಇಲ್ಲ, ಬರೀ ಬುರುಡೆ ಎಂದು ಅಳಿಯ ಅಂದಿದ್ದನಂತೆ. ಇವನು ಊಟದ ಎಲೆಯಿಂದ ಎದ್ದು ಬಂದಿದ್ದನಂತೆ.

"ಬರೀರಿ. ನಾನ್ ಈ ಸಲ ಕ್ಯಾಲೆಂಡರ್‌ನಾಗೆ ಬರ್ತೀನಿ, ಮಿಷನ್ ಪಕ್ಕ. ನಿನ್ ಗಂಡಂಗೆ ತೋರ್ಸು ಅಂತ."

ಬರೆದೆ. ಈ ಅಂಕಣ ಬರೆಯುವ ಕೈಯಲ್ಲೇ ಬರೆದೆ. ಆಗಲಾದರೂ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಹೌದು, ಹೇಳಬಹುದಿತ್ತು.

ಮರುದಿನ ಡಾರ್ಕ್ ರೂಮಿನಲ್ಲಿ ಒಬ್ಬನೇ ನಿಂತು ಟ್ರೇ ಅಲ್ಲಾಡಿಸಿದೆ. ಕಾಗದದ ಮೇಲೆ ಮಿಷನ್ ಬಂತು. ಕಂಬ ಬಂತು. ದೇವಪ್ಪ ಬರಲಿಲ್ಲ. ಗೊತ್ತಿದ್ದೂ ಕಾದೆ. ಬೀಡಿ ಹೊಗೆಯ ಹಾಗೆ ಒಂದು ಬೆಳ್ಳಗಿನ ಮಸುಕು ಬಂತು, ಅಷ್ಟೇ.

"ಬಹಳ ಕ್ಲೀನಾಗಿದೆ" ಎಂದರು ಮ್ಯಾನೇಜರ್.

ಕ್ಯಾಲೆಂಡರ್ ಹಂಚಿದ ದಿನ ದೇವಪ್ಪ ಅದನ್ನು ಸುರುಳಿ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದ. ಬೈಯಲಿಲ್ಲ. "ಎಂತ ಮಾರಾಯ್ರೆ, ನಾನ್ ಅಲ್ಲೇ ಇದ್ನಲ್ಲ" ಎಂದ. ಇಲ್ಲೇ ಇನ್ನೊಂದು ತೆಗೆಯುತ್ತೇನೆ, ಕುರ್ಚಿ ಮೇಲೆ ಕೂತುಕೋ ಎಂದೆ.

"ಕುರ್ಚಿ ಮೇಲೆ ಯಾರ್ ಬೇಕಾರೂ ಕೂರ್ತಾರೆ" ಎಂದು ಹೊರಟುಹೋದ. ಆಮೇಲೆ ನನ್ನ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ಈಚೆಗೆ ತೀರ್ಥಹಳ್ಳಿಯಲ್ಲಿ ಒಂದು ಮದುವೆಯ ಕೆಲಸ ಬಂತು. ದಾರಿಯಲ್ಲಿ ಹೊಸನಗರದಲ್ಲಿ ಬಸ್ಸು ಕಾಫಿಗೆ ನಿಂತರೆ ಹೋಟೆಲಿನ ಗೋಡೆ ಮೇಲೆ ಅದೇ ಕ್ಯಾಲೆಂಡರ್. "ಎಂತ ಮಿಷನ್ ನೋಡಿ, ಜನಾನೇ ಬೇಡ" ಎಂದ ಪಕ್ಕದಲ್ಲಿ ಕೂತವನು. ಅರ್ಧ ಕಾಫಿ ಬಿಟ್ಟು ಬಸ್ಸಿನಲ್ಲಿ ಹೋಗಿ ಕೂತೆ.

ಮದುವೆ ಮುಗಿಸಿ ಸೈಕಲ್ ಶಾಪು ಹುಡುಕಿದೆ. ಅಲ್ಲೂ ಅದೇ, ಹಳೇ ಟಯರುಗಳ ಮೇಲೆ ನೇತಾಡುತ್ತಿತ್ತು. ಪಂಕ್ಚರ್ ಹಾಕುತ್ತಿದ್ದ ಅಳಿಯ, ನಾನು ಯಾರೆಂದು ಹೇಳುತ್ತಲೇ ನಕ್ಕ. "ನಮ್ ಮಾವನ್ನ ಇದ್ರಾಗೆ ನೀವೇ ಹುಡ್ಕಿಕೊಡಿ ನೋಡಣ. ನಾನಂತೂ ಸೋತೆ."

ಸುಶೀಲ ಒಳಗಿನಿಂದ ಬಂದಳು. ಮ್ಯಾನೇಜರ್ ಹೇಳಿದ್ದು, ಅರವತ್ತು ಎಣಿಸಿದ್ದು, ಕಾರ್ಡು ಬರೆದದ್ದು, ಎಲ್ಲ ಹೇಳಿದೆ. "ನಿಮ್ಮ ಅಪ್ಪಯ್ಯ ಅಲ್ಲೇ ಇದ್ರು. ಅಳಿಸಿದ್ದು ನಾನು."

ಅವಳು ನನ್ನ ಕಡೆ ನೋಡಲಿಲ್ಲ. ಕ್ಯಾಲೆಂಡರಿನ ಮೂಲೆಗೆ ಬೆರಳಿಟ್ಟಳು. ಕಂಬದ ಬುಡದಲ್ಲಿ ಚಪ್ಪಲಿ, ಒಂದರ ಮೇಲೊಂದು. ಅರವತ್ತು ಎಣಿಸುವಷ್ಟು ಹೊತ್ತೂ ಅಲ್ಲಾಡಿರಲಿಲ್ಲವಲ್ಲ, ಕನ್ನಡಿಯಷ್ಟು ಸ್ಪಷ್ಟವಾಗಿ ಬಂದಿದ್ದವು. ಮ್ಯಾನೇಜರ್ ಗಮನಿಸಿರಲಿಲ್ಲ. ನಾನೂ.

"ಹಿಂಗೆ ಒಂದ್ರ ಮೇಲ್ ಒಂದು ಬಿಡೋರು ಅವ್ರೇ. ಅಮ್ಮ ದಿನಾ ಬೈತಿದ್ಲು" ಎಂದಳು. "ಇವ್ರಿಗೆ ಹೇಳಿದ್ರೆ ನಂಬಲ್ಲ. ಚಪ್ಪಲಿ ಇಲ್ಲೈತೆ ಅಂದ್ರೆ ಅಪ್ಪಯ್ಯ ಇಲ್ಲೇ ಎಲ್ಲೋ ಇರ್ಬೇಕಲ್ಲ."

ಅಳಿಯ ಕೈ ಒರೆಸಿಕೊಂಡು ಎದ್ದು ಬಂದು ಹತ್ತಿರದಿಂದ ನೋಡಿದ.

ಇದನ್ನು ಹೇಳಲು ಮೂರು ಸಲ ದೇವಪ್ಪನ ಬಿಡಾರಕ್ಕೆ ಹೋದೆ. ಮೂರು ಸಲವೂ ಒಳಗಿನಿಂದ ಚಿಲಕ. ಕೂಗಿದರೂ ತೆಗೆಯಲಿಲ್ಲ. ಚಪ್ಪಲಿ ಹೊರಗಿತ್ತು, ಒಂದರ ಮೇಲೊಂದು.

ಸಾಗರದವರು ಯಾರಾದರೂ ಇದನ್ನು ಅವನಿಗೆ ಓದಿ ಹೇಳಿ. ಆಮೇಲೆ ನಿಮ್ಮ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಸರಿಯಾಗಿ ನೋಡಿ. ಅಲ್ಲಿ ದುಡಿದೂ ಕಾಣದೆ ಹೋದ ನಿಮ್ಮವರು ಯಾರು? ಒಂದು ಕಾರ್ಡಿನಲ್ಲಿ ಹೆಸರು ಬರೆದು ಕಳಿಸಿ.