ಕಿಟಕಿಯಿಂದ ಕಂಡ ಕುದುರೆಗಳು

ಕುದುರೆ ರೇಸಿನ ಹೊಸ ಧಾರಾವಾಹಿ ಶುರುವಾಗಿ ಎರಡು ವಾರವಾಯಿತು. ನಾನು ನೋಡಿದ್ದು ನಾಲ್ಕೇ ಕಂತು. ಚೆನ್ನಾಗಿಲ್ಲವೆಂದು ಬಿಟ್ಟದ್ದಲ್ಲ.

ನನ್ನ ಅಣ್ಣ ದೂರದ ಊರಿನ ರೇಸ್ ಕೋರ್ಸಿನಲ್ಲಿ ಹದಿನೇಳು ವರ್ಷ ಕುದುರೆ ಲಾಯದಲ್ಲಿ ದುಡಿದವನು. ಲದ್ದಿ ಬಾಚುವುದು, ಮೈ ಉಜ್ಜುವುದು, ನಸುಕಿನಲ್ಲಿ ಕುದುರೆಗಳನ್ನು ನಡೆದಾಡಿಸುವುದು ಅವನ ಕೆಲಸ. ಒಂದು ಕುದುರೆ ಒದ್ದು ಮೊಣಕಾಲು ಮುರಿದ ಮೇಲೆ ಈ ಕಡೆ ಬಂದ. ಈಗ ಕೊಟ್ಟೂರಿನ ಕಾಲೇಜೊಂದರ ಗೇಟಿನಲ್ಲಿ ಕಾವಲುಗಾರ. ನಾನು ಇಲ್ಲೇ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಸಂಜೆ ಡ್ಯೂಟಿ ಮುಗಿಸಿ ನಮ್ಮ ಮನೆಗೆ ಬಂದು, ಚಹಾ ಕುಡಿದು, ಹೆಂಡತಿ ಮಕ್ಕಳ ಕಡೆ ಹೋಗುವುದು ಅವನ ರೂಢಿ.

ಮೊದಲ ಕಂತಿನ ದಿನ ಅವನು ಚಹಾ ಮುಗಿದರೂ ಏಳಲಿಲ್ಲ. ಪರದೆಯ ಮೇಲೆ ಹೀರೋ ಬಿಳಿ ಅಂಗಿ ತೊಟ್ಟು ಲಾಯಕ್ಕೆ ಬಂದ. ಕುದುರೆಯ ಮೈಮೇಲೆ ಒಂದು ನೊಣವಿಲ್ಲ. ನೆಲಕ್ಕೆ ಹಾಸಿದ ಹುಲ್ಲು ಮದುವೆ ಮಂಟಪದ ಹೂವಿನ ಹಾಗೆ ಹಳದಿ. ಅಣ್ಣ ನಕ್ಕ.

"ಜೀನು ಸಡ್ಲ ಐತಿ ನೋಡು. ಹಂಗ ಹತ್ತಿದ್ರ ಎರಡು ಹೆಜ್ಜಿಗೆ ನೆಲಕ್ಕ ಬೀಳ್ತಾನ."

ನನ್ನ ಅತ್ತೆಗೆ ಇದು ಭಾರಿ ಹಿಡಿಸಿತು. ತೆಲಿಗಿಯ ಕಡೆಯವರು, ಮಾತುಗಾರ್ತಿ. ಅಣ್ಣನನ್ನು ಕೇಳುತ್ತಾ ನೋಡುವುದೇ ಅವರಿಗೆ ಖುಷಿಯಾಯಿತು. ಮೂರು ದಿನ ಹೀಗೇ ನಡೆಯಿತು. ಇಷ್ಟು ಮಾತಾಡುವ ಅಣ್ಣನನ್ನು ನಾನು ನೋಡಿಯೇ ಇರಲಿಲ್ಲ.

ನಾಲ್ಕನೆಯ ದಿನ ಧಾರಾವಾಹಿಯಲ್ಲಿ ಒಬ್ಬ ಲಾಯದ ಆಳು ಬಂದ. ನಗಿಸಲೆಂದೇ ಇಟ್ಟ ಪಾತ್ರ. ಬಕೆಟ್ ಎಡವಿ ಲದ್ದಿಯ ಗುಡ್ಡೆಯಲ್ಲಿ ಮುಖ ಅಡಿಯಾಗಿ ಬಿದ್ದ. ಅತ್ತೆ ನಕ್ಕರು, ನನ್ನ ಗಂಡ ನಕ್ಕ. ನಾನೂ ನಕ್ಕೆ. ಅಣ್ಣ ಮಾತ್ರ ಆ ಆಳಿನ ಹಿಂದೆ ಕಟ್ಟಿದ್ದ ಹೆಣ್ಣು ಕುದುರೆಯನ್ನು ನೋಡುತ್ತಿದ್ದ.

"ಇಂಥದ್ದ ಒಂದನ್ನ ಆರು ವರ್ಷ ನೋಡ್ಕೊಂಡಿದ್ದೆ. ಓಡೋವಾಗ ಕಾಲು ಮುರೀತು. ಡಾಕ್ಟರು ಸೂಜಿ ಹಾಕಿ ಸಾಯಿಸೋವಾಗ ತಲಿ ಹಿಡಕೊಂಡಾವ ನಾನ. ಮರುದಿನ ಅದ ಜಾಗಕ್ಕ ಇನ್ನೊಂದು ತಂದು ಕಟ್ಟಿದ್ರು."

ಅತ್ತೆ ಅವನ ಕಡೆ ತಿರುಗಿದರು. "ಅಲ್ಲ ಬೀಗ್ರೇ, ನೀವು ಅಲ್ಲಿ ಆಫೀಸಿನಾಗ ಇದ್ರಿ ಅಂದಿದ್ರಲ್ಲ?"

ಹಾಗೆಂದವಳು ನಾನು. ಹತ್ತೊಂಬತ್ತು ವರ್ಷದ ಹಿಂದೆ, ಕೂಡ್ಲಿಗಿಯ ನಮ್ಮ ಮನೆಗೆ ಇವರು ಹೆಣ್ಣು ನೋಡಲು ಬಂದಾಗ, ಅಣ್ಣ ಏನು ಮಾಡುತ್ತಾನೆಂದು ಅತ್ತೆ ಕೇಳಿದ್ದರು. "ರೇಸ್ ಕೋರ್ಸಿನ ಆಫೀಸಿನಾಗ ಅದಾನ್ರಿ" ಎಂದಿದ್ದೆ. ಹಾಗೆ ಹೇಳೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ರಜೆ ಹಾಕಿ ಬಂದಿದ್ದ ಅಣ್ಣ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದ. ಮುಂದೆ ಮೊಣಕಾಲಿಗೂ ನಾನೇ ಕಥೆ ಕಟ್ಟಿದೆ, ಆಫೀಸಿನ ಮೆಟ್ಟಿಲು ಜಾರಿ ಬಿದ್ದನೆಂದು.

ನಾನು ಟಿವಿ ಕಡೆ ನೋಡುತ್ತಾ ಕುಳಿತೆ. ಅಣ್ಣ ಚಹಾದ ಲೋಟ ಕೈಗೆತ್ತಿಕೊಂಡ.

"ಹೌದ್ರಿ ಅವ್ವಾರ. ಆಫೀಸಿನಾಗ ಇದ್ದೆ. ಕಿಟಕಿಯಿಂದ ಎಲ್ಲಾ ಕಾಣ್ತಿತ್ತು. ಆಳುಗಳು ಬಂದು ಹೇಳೋರು, ಅದನ್ನ ನಂದು ಅಂತ ಹೇಳಿಬಿಟ್ಟೆ."

ಲೋಟ ಒಳಗಿಟ್ಟು, ಕಾಲೆಳೆಯುತ್ತಾ ಹೋದ. ಆಮೇಲೆ ಬರಲಿಲ್ಲ.

ಎರಡು ದಿನ ಅವನ ದಾರಿ ಕಾದೆ. ಮೂರನೆಯ ದಿನ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲೂ ಇಲ್ಲ.

"ಇಷ್ಟೇನಾ? ದುಡ್ಕೊಂಡು ತಿಂದಾನ, ಕದ್ದಿಲ್ಲಲ್ಲ. ನಮಗೇನ್ ಆಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ಯಾರಿಗೂ ಬೇಡವಾಗಿದ್ದ ಸುಳ್ಳನ್ನು ಅಷ್ಟು ವರ್ಷ ಅವನ ಕೈಯಲ್ಲೂ ಹೊರಿಸಿದ್ದೆ. ಅಂದೇ ಕಾಲೇಜಿನ ಗೇಟಿಗೆ ಹೋದೆ. ಅವನು ಸ್ಟೂಲಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ.

"ನಮ್ಮತ್ತಿಯವ್ರಿಗೆ ಎಲ್ಲಾ ಹೇಳಿದೆ ಅಣ್ಣಾ. ಅವ್ರಿಗೇನೂ ಬ್ಯಾಸರ ಇಲ್ಲ."

"ಅವ್ರಿಗೆ ಯಾವಾಗಿತ್ತು ಬ್ಯಾಸರ?" ಎಂದ. "ನಾಚಿಕಿ ಇದ್ದದ್ದು ನಿನಗ."

ತಪ್ಪಾಯಿತು ಎಂದೆ. ಬಿಡು ಎಂದ. ಅಷ್ಟರಲ್ಲಿ ಕಾರೊಂದು ಬಂದು ಹಾರನ್ ಹೊಡೆಯಿತು. ಎದ್ದು ಗೇಟು ತೆರೆಯಲು ಹೋದವನು ಕಾರು ಹೋದ ಮೇಲೂ ನನ್ನ ಹತ್ತಿರ ಬರಲಿಲ್ಲ. ಸಂಜೆಯ ಪಾಳಿಯನ್ನು ತಾನೇ ಕೇಳಿ ಹಾಕಿಸಿಕೊಂಡಿದ್ದಾನೆಂದು ಅತ್ತಿಗೆಯಿಂದ ಆಮೇಲೆ ತಿಳಿಯಿತು.

ನಮ್ಮ ಮನೆಯಲ್ಲಿ ಧಾರಾವಾಹಿ ನಡೆದೇ ಇದೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ಕುದುರೆ ಯಾಕೆ ಹಾಗೆ ಕಿವಿ ಹಿಂದಕ್ಕೆ ಒತ್ತಿಕೊಂಡಿತೆಂದು ಅತ್ತೆ ಅಲ್ಲಿಂದಲೇ ಕೂಗಿ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅಷ್ಟು ವರ್ಷದಲ್ಲಿ ಅಂಥದ್ದೊಂದನ್ನೂ ನಾನು ಅವನನ್ನು ಕೇಳಿರಲಿಲ್ಲ.