ಅಳಿಯನಿಗೆ ಬರೆದುಕೊಟ್ಟ ಪಾಸ್‌ವರ್ಡ್

ಕಣ್ಣಿಗೆ ಕಾಣದ್ದನ್ನು ನಾನು ನಂಬುವವನಲ್ಲ. ಆಳಂದದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನ ಸೊಕ್ಕು ಅದು. ಹಾಗಾಗಿ, ಹೊರಗಿನ ಕಳ್ಳರು ನುಗ್ಗದಂತೆ ಕಾಯಲು ಕಂಪ್ಯೂಟರಿನೊಳಗೇ ಬರುವ ಸಾಫ್ಟ್‌ವೇರ್ ಫೈರ್‌ವಾಲ್ ಸಾಕು ಎಂದ ಹೆಂಡತಿಯನ್ನು ನೋಡಿ ನಕ್ಕುಬಿಟ್ಟೆ.

ಕಂಪ್ಯೂಟರ್ ಅವಳದು. ರವಿಕೆಗಳಿಗೆ ಮಷೀನ್ ಕಸೂತಿ ಹಾಕುತ್ತಾಳೆ. ನವಿಲು, ಬಳ್ಳಿ, ಗೋಪುರ ಎಲ್ಲವನ್ನೂ ಮೊದಲು ಪರದೆಯ ಮೇಲೆ ಹೊಲಿಗೆಗೆ ಹೊಲಿಗೆ ಕೂಡಿಸಿ ತಾನೇ ಬಿಡಿಸಬೇಕು. ಆರು ವರ್ಷದ ಡಿಸೈನುಗಳು ಅದರಲ್ಲಿದ್ದವು. ಬೇರೆಲ್ಲೂ ಇರಲಿಲ್ಲ.

"ಯಾರರೆ ಒಳಗ ಬರ್ತೀನಿ ಅಂದ್ರ ಅದು ನನ್ನ ಕೇಳ್ತದರೀ. ಅಷ್ಟ ಸಾಕು," ಅಂದಳು.

"ಪುಕ್ಕಟ ಬಂದದ್ದು ಏನ್ ಕಾಯ್ತದ, ಮಣ್ಣು!" ಅಂದೆ.

ಕಲಬುರಗಿಗೆ ಹೋಗಿ ಹಾರ್ಡ್‌ವೇರ್ ಫೈರ್‌ವಾಲ್ ತಂದೆ. ಕಬ್ಬಿಣದ ಡಬ್ಬಿ, ಮುಂದೆ ಮೂರು ಹಸಿರು ದೀಪ. ಇಂಟರ್‌ನೆಟ್ ತಂತಿ ಮನೆಯೊಳಗೆ ಬರುವ ಜಾಗದಲ್ಲಿ ಕೂರಿಸಬೇಕು. ಅಂಗಡಿಯವನು ಪಾಪ, ಪ್ರಾಮಾಣಿಕ. "ಸರ್, ಇದು ಹೊರಗಿಂದ ಬರೋದನ್ನ ತಡೀತದ್ರಿ. ನಿಮ್ಮ ವೈಫೈ ಹಿಡದವರು ಇದರ ಒಳಗ ಇದ್ದಂಗರಿ. ಕಂಪ್ಯೂಟರಿನಾಗಿಂದೂ ಚಾಲೂ ಇರ್ಲಿ," ಅಂದ. ಹತ್ತನೇ ಕ್ಲಾಸಿನ ದಡ್ಡನನ್ನು ನೋಡುವಂತೆ ಅವನನ್ನು ನೋಡಿದೆ. ಒಂದು ಸಾಮಾನು ಮಾರುವಾಗ ಇನ್ನೊಂದನ್ನು ಹೊಗಳುವ ಅಂಗಡಿಯವನೂ ಒಬ್ಬ ಅಂಗಡಿಯವನೇ?

ಡಬ್ಬಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆ. ಹೆಂಡತಿ ಗಾಣಗಾಪುರಕ್ಕೆ ದರ್ಶನಕ್ಕೆ ಹೋದ ದಿನ, ಅವಳಿಗೆ ಹೇಳದೆ, ಕಂಪ್ಯೂಟರಿನೊಳಗಿನ ಫೈರ್‌ವಾಲ್ ಬಂದ್ ಮಾಡಿದೆ. ಒಂದು ಒರೆಯಲ್ಲಿ ಎರಡು ಕತ್ತಿ ಯಾಕೆ? ಅದೂ ಅಲ್ಲದೆ, ಮಾತುಮಾತಿಗೆ ಅನುಮತಿ ಕೇಳುವ ಆ ಪಿರಿಪಿರಿ ನನಗೆ ಆಗುತ್ತಿರಲಿಲ್ಲ.

ದೀಪಾವಳಿಗೆ ಎದುರು ಮನೆಯ ಅಳಿಯ ಸೊಲ್ಲಾಪುರದಿಂದ ಬಂದ. ನಮ್ಮಲ್ಲಿ ಒಂದು ಮನೆಯ ಅಳಿಯ ಅಂದರೆ ಇಡೀ ಓಣಿಗೆ ಅಳಿಯ. ಅವನು ಕೇಳಿದ್ದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಮಾವಾರ, ವೈಫೈ ಪಾಸ್‌ವರ್ಡ್ ಕೊಡ್ತೀರೇನ್ರಿ? ಆಫೀಸಿಂದು ಸ್ವಲ್ಪ ಕೆಲಸ ಅದ."

"ಅಯ್ಯ, ಅದಕ್ಕೇನು ಕೇಳ್ತೀರಿ!" ಅಂತ ದುಂಡನೆಯ ಅಕ್ಷರದಲ್ಲಿ ಚೀಟಿ ಬರೆದುಕೊಟ್ಟೆ. ಮೇಲೆ ಒಂದು ಕಪ್ ಚಹಾ, ತಾಟಿನ ತುಂಬ ಚಕ್ಕುಲಿ. ಅವನ ಆಫೀಸ್ ಕೆಲಸ ಅಂದರೆ ಪುಕ್ಕಟೆ ಸಿನಿಮಾ ಇಳಿಸಿಕೊಳ್ಳುವುದು ಅಂತ ಆಮೇಲೆ ತಿಳಿಯಿತು. ಆ ಲ್ಯಾಪ್‌ಟಾಪಿನಲ್ಲಿ ಇರದ ರೋಗವೇ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೆಂಡತಿಯ ಒಂದು ಡಿಸೈನೂ ತೆರೆಯಲಿಲ್ಲ. ಪರದೆಯ ಮೇಲೆ, ದುಡ್ಡು ಕೊಟ್ಟರೆ ಮಾತ್ರ ಫೈಲ್ ಬಿಡುತ್ತೇವೆ ಎಂಬ ಬೆದರಿಕೆ ಇಂಗ್ಲಿಷಿನಲ್ಲಿ ಇತ್ತು. ಅದೇ ಅಂಗಡಿಯವನು ಬಂದು ಎರಡು ತಾಸು ತಡಕಾಡಿ ತಲೆ ಅಲ್ಲಾಡಿಸಿದ.

"ಅಳಿಯಂದಿರ ಲ್ಯಾಪ್‌ಟಾಪಿನಿಂದ ಬಂದದ್ರಿ. ಫೈಲ್ ಯಾವೂ ಉಳಿದಿಲ್ಲ. ಕಂಪ್ಯೂಟರಿನ ಫೈರ್‌ವಾಲ್ ಯಾರು ಬಂದ್ ಮಾಡ್ಯಾರ್ರಿ?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಡಬ್ಬಿಯ ಕಡೆ ನೋಡಿದೆ. ಮೂರೂ ಹಸಿರು ದೀಪ ಉರಿಯುತ್ತಿದ್ದವು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಅಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಷೀನಿನ ಮುಂದೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜಗತ್ತಿನ ದಡ್ಡರನ್ನೆಲ್ಲ ಎಣಿಸುತ್ತ ಬಂದ ನಾನು ನನ್ನನ್ನು ಬಿಟ್ಟು ಎಣಿಸಿದ್ದೆ. ಥೂ ನನ್ನ ಗಣಿತಕ್ಕೆ!

ಎರಡು ದಿನ ಬಿಟ್ಟು ಅವಳೇ ಎದ್ದಳು. ತಾನು ಕಸೂತಿ ಹಾಕಿಕೊಟ್ಟ ರವಿಕೆಗಳನ್ನು ನಾಲ್ಕು ದಿನದ ಮಟ್ಟಿಗೆ ವಾಪಸ್ ಕಳಿಸಿರೆಂದು ಹೆಂಗಸರಿಗೆಲ್ಲ ಹೇಳಿಕಳಿಸಿದಳು. ಮಾದನಹಿಪ್ಪರಗಾದಿಂದ ಬಸ್ಸಿನಲ್ಲಿ ಒಂದು ಚೀಲ ಬಂತು. ಎಲ್ಲರಿಗಿಂತ ಮೊದಲು ತಂದವಳು ಎದುರು ಮನೆಯ ಮಗಳು, ಆ ಅಳಿಯನ ಹೆಂಡತಿ. ಅವಳ ಮದುವೆಯ ರವಿಕೆ. ತಲೆ ಎತ್ತದೆ ಕೊಟ್ಟು ಹೋದಳು. ಆ ರವಿಕೆಗಳನ್ನು ಹರಡಿ, ಹೊಲಿಗೆ ಎಣಿಸಿ, ಹೆಂಡತಿ ಮತ್ತೆ ಮೊದಲಿನಿಂದ ಡಿಸೈನು ಬಿಡಿಸುತ್ತಿದ್ದಾಳೆ. ಭೂತಗನ್ನಡಿ ಹಿಡಿದು ಎಣಿಸುವ ಕೆಲಸ ನನ್ನದು. ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು.

ಈಗ ಡಬ್ಬಿಯೂ ಇದೆ, ಕಂಪ್ಯೂಟರಿನ ಒಳಗಿನದೂ ಚಾಲೂ ಇದೆ. ದಿನದ ಕೆಲಸದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಅವಳ ಟ್ರಂಕಿಗೆ ಹೋಗುತ್ತದೆ. ವೈಫೈ ಪಾಸ್‌ವರ್ಡ್ ಬದಲಾಗಿದೆ. ಏನೆಂದು ಕೇಳಿದೆ.

"ನಿಮಗ ಹೇಳಿದ್ರ ಓಣಿಗೆಲ್ಲ ಹೇಳಿದಂಗರೀ," ಅಂದಳು, ಮಷೀನಿನಿಂದ ಕಣ್ಣು ತೆಗೆಯದೆ.

ಹಾಗಾಗಿ ಈಗ ಮೊಬೈಲಿನಲ್ಲಿ ಪೇಪರ್ ಓದಬೇಕೆಂದರೆ ಎದುರು ಮನೆಯ ಕಟ್ಟೆಗೆ ಹೋಗಿ ಕೂರುತ್ತೇನೆ. ಅವರು ಕೇಳುವ ಮೊದಲೇ ಪಾಸ್‌ವರ್ಡ್ ಬರೆದುಕೊಟ್ಟರು.