‘ಫರಸಿ’ ಸಿನಿಮಾದ ಬಗ್ಗೆ ಸುಜಾತಾ ಬರೆದದ್ದು

ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ಬ್ಲೌಜು ಹೊಲಿಯುವ ಸುಜಾತಾಳ ಮಾತಿಗೆ ಅಷ್ಟು ಬೆಲೆ ಬಂದದ್ದು ಹೇಗೆಂದು ಅವಳಿಗೇ ಗೊತ್ತಿರಲಿಲ್ಲ. ಶುಕ್ರವಾರ ಬಂತೆಂದರೆ ಬೆಳಗಿನ ಗಾಡಿ ಹಿಡಿದು ಕಲಬುರಗಿಗೆ ಹೋಗಿ ಹೊಸ ಸಿನಿಮಾ ನೋಡುವಳು. ಸಂಜೆ ಫೇಸ್‌ಬುಕ್ಕಿನಲ್ಲಿ ತನಗೆ ಅನಿಸಿದ್ದನ್ನು ಬರೆಯುವಳು. ‘ಹೀರೊ ಅರ್ಧ ತಾಸು ಬರೇ ನಡೀತಾನ, ಊರು ಬರೂದೇ ಇಲ್ಲ’ ಎಂದು ಒಮ್ಮೆ ಬರೆದ ಸಾಲು ಸೇಡಂ, ಚಿತ್ತಾಪುರ, ಚಿಂಚೋಳಿಯ ಫೋನುಗಳಲ್ಲೆಲ್ಲ ಓಡಾಡಿತು. ಅಂದಿನಿಂದ ಟಿಕೇಟು ತೆಗೆಸುವ ಮೊದಲು ಜನ ‘ಸುಜಾತಕ್ಕ ಏನಂದಾಳ?’ ಎಂದು ನೋಡತೊಡಗಿದರು.

ಜೊತೆಗೆ ಹೋಗುತ್ತಿದ್ದವಳು ಪಕ್ಕದ ಬಳೆ ಅಂಗಡಿಯ ಸಾಯಿರಾ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಸುಜಾತಾಳ ಗಂಡ ದಿಲೀಪ ಕಲ್ಲಿನ ಲಾರಿ ಓಡಿಸುವವನು. ಅವನಿಗೆ ಸಿನಿಮಾದ ಹುಚ್ಚಿರಲಿಲ್ಲ. ಆದರೆ ಹೆಂಡತಿ ಬರೆದದ್ದನ್ನು ಢಾಬಾದಲ್ಲಿ ಬೇರೆ ಡ್ರೈವರುಗಳಿಗೆ ಓದಿ ತೋರಿಸುವಷ್ಟು ಹೆಮ್ಮೆ ಇತ್ತು.

ಆ ವರ್ಷ ‘ಫರಸಿ’ ಬಂತು; ನೆಲಕ್ಕೆ ಹಾಸುವ ಶಹಾಬಾದ ಕಲ್ಲಿನ ಹೆಸರದು. ಭಂಕೂರಿನ ಸಂಗಮೇಶ್ವರ ಎಂಬ ನಿರ್ದೇಶಕ ಸುತ್ತಲಿನ ಕಲ್ಲುಗಣಿಗಳಲ್ಲೇ ತೆಗೆದ ಸಿನಿಮಾ. ನಮ್ಮ ಭಾಗದ ಹುಡುಗ, ನಮ್ಮ ಭಾಗದ ಮಾತು ಎಂದು ಊರೂರಲ್ಲಿ ಹುರುಪು. ಸಾಯಿರಾ ಸಂಬಂಧಿಕರ ಮದುವೆಗೆಂದು ಬೀದರಿಗೆ ಹೋಗಿದ್ದಳು. ಸುಜಾತಾ ಒಬ್ಬಳೇ ನೋಡಿ ಬಂದು ಬರೆದಳು: ‘ನಮ್ಮೂರ ಕಲ್ಲು ಚಂದ ಕಾಣತದ, ಮಂದಿ ಕಾಣೂದಿಲ್ಲ. ಗಣಿಯಾಗ ದುಡಿಯೋ ಹೀರೊಯಿನ್ನಿನ ಸೀರಿ ಮ್ಯಾಲ ಧೂಳೇ ಇಲ್ಲ. ಇನ್ನ ತಾಯಿ ಪಾತ್ರದಾಕಿ ಬರೇ ಕಟಿಗಿ ಗೊಂಬಿ.’

ಮೊದಲು ಉತ್ತರಿಸಿದವರು ಸೇಡಂನ ನಿವೃತ್ತ ಮಾಸ್ತರ ಅಮೃತಪ್ಪ. ‘ತಂಗಿ, ಬೆಂಗಳೂರಿನವರ ಸಿನಿಮಾಕ್ಕ ಇದರ ಅರ್ಧ ಬೈದಿಲ್ಲ ನೀ. ನಮ್ಮ ಹುಡುಗರ ಮ್ಯಾಲ ಇಷ್ಟು ಸಿಟ್ಟು ಯಾಕ?’ ಅಷ್ಟು ಸಾಕಾಯಿತು. ಇವಳು ಸಿನಿಮಾ ನೋಡೇ ಇಲ್ಲ ಎಂದು ಚಿಂಚೋಳಿಯವನೊಬ್ಬ ಬರೆದ. ಯಾರೋ ಹೇಳಿ ಬರೆಸಿದ್ದಾರೆ ಎಂದು ರಾವೂರಿನವನೊಬ್ಬ ಬರೆದ. ‘ಆಕಿ ಅಂದದ್ದು ಖರೇ ಅದ’ ಎಂದ ಚಿತ್ತಾಪುರದ ಅನಸುಬಾಯಿಯನ್ನೂ ಜನ ಬಿಡಲಿಲ್ಲ; ನೀ ಆಕಿಗೇನಾಗಬೇಕು ಎಂದು ಹರಿಹಾಯ್ದರು. ಆಮೇಲೆ ಹೆಸರಿಲ್ಲದ ಯಾರೋ ಒಂದು ಫೋಟೊ ಹಾಕಿದರು.

ವಾಡಿಯ ಒಂದು ಹಾಲ್. ಕ್ಯಾಮೆರಾದ ಮುಂದೆ ಸೆರಗು ಹೊದ್ದು ನಿಂತಿದ್ದಾಳೆ ಸುಜಾತಾ. ಕೆಳಗೆ ಬರಹ: ‘ತಾಯಿ ಪಾತ್ರ ಕೇಳಾಕ ಹೋಗಿದ್ದಳು. ಸಿಗಲಿಲ್ಲ. ಹೊಟ್ಟಿ ಉರೀತು.’

ಸುಜಾತಾ ಅದನ್ನು ಎರಡೆರಡು ಸಲ ದೊಡ್ಡದು ಮಾಡಿ ನೋಡಿದಳು. ಫೋಟೊ ಸುಳ್ಳಲ್ಲ. ಹೋದ ವರ್ಷ ‘ಫರಸಿ’ಯ ಪಾತ್ರಗಳಿಗೆ ಜನ ಬೇಕಾಗಿದ್ದಾರೆಂದು ಸಾಯಿರಾ ತಮಾಷೆ ನೋಡಲು ಎಳೆದುಕೊಂಡು ಹೋಗಿದ್ದಳು. ನೀವೂ ಎರಡು ಮಾತು ಹೇಳ್ರಿ ಎಂದಾಗ ಇವಳು ಹೇಳಿದ್ದಳು. ಫೋನ್ ಮಾಡ್ತೀವಿ ಅಂದವರು ಮಾಡಲಿಲ್ಲ. ಅದನ್ನು ಮರೆತೇಬಿಟ್ಟಿದ್ದೇನೆ ಎಂದುಕೊಂಡಿದ್ದಳು. ಈಗ ನೆನಪಾಯಿತು, ಎಷ್ಟೋ ದಿನ ಫೋನನ್ನು ಹೊಲಿಗೆ ಮಷೀನಿನ ಮೇಲೆಯೇ ಇಟ್ಟುಕೊಂಡು ಕೂತಿದ್ದಳು.

ದಿಲೀಪ ಊಟಕ್ಕೆ ಬಂದವನು ತಾಟು ಮುಟ್ಟಲಿಲ್ಲ. “ವಾಡಿಗೆ ಹೋಗಿದ್ದು ನನಗ್ಯಾಕ ಹೇಳಲಿಲ್ಲ?”

“ಹೇಳೂವಂಥಾದ್ದೇನಿತ್ತು? ಸುಮ್ನ ಹೋಗಿದ್ವಿ.”

“ಸುಮ್ನ ಹೋಗಿದ್ರ ಬಂದು ನಗತಿದ್ದಿ, ಹೇಳತಿದ್ದಿ. ಬ್ಯಾರೆ ಏನೇನು ಹೇಳಿಲ್ಲ ನೀ?”

“ಏನಂತ ತಿಳದೀರಿ ನೀವು ನನ್ನ?” ಎಂದಳು. ಅವನು ಎದ್ದು ಹೋಗಿ ಲಾರಿ ಹತ್ತಿದ.

ಅವಳ ಮನಸ್ಸು ಇನ್ನೊಂದು ಕಡೆ ತಿರುಗಿತು. ಫೋಟೊ ಹೊರಗೆ ಬಂದದ್ದು ಯಾರಿಂದ? ಅಂದು ಆ ಹಾಲಿನಲ್ಲಿದ್ದ ಪರಿಚಯದವರೆಂದರೆ ಸಾಯಿರಾ ಒಬ್ಬಳೇ. ತನಗೆ ಬರುವ ಹೆಸರು ಕಂಡು ಅವಳಿಗೆ ಒಳಗೊಳಗೇ ಕುದಿಯಿತೇ? ಬೀದರಿನ ಮದುವೆ ನಿಜವೋ ನೆಪವೋ? ಹಾಗೆ ನೋಡುತ್ತ ಹೋದರೆ ಹಳೆಯ ನಗುವಿನಲ್ಲೂ ಕೊಂಕು ಕಾಣತೊಡಗಿತು. ಸಾಯಿರಾ ಊರಿಗೆ ಮರಳಿ ಚಹಾ ಕುಡಿಯಲು ಕರೆದರೆ ಸುಜಾತಾ ತಲೆ ಎತ್ತದೆ ಮಷೀನು ತುಳಿದಳು.

ಎರಡನೆಯ ದಿನ ಸಾಯಿರಾ ಒಳಗೇ ಬಂದು ನಿಂತಳು. “ಏನಾಗೇದ ನಿನಗ?”

“ಆ ಫೋಟೊ ಯಾರು ಕೊಟ್ರು?”

ಸಾಯಿರಾ ತನ್ನ ಫೋನು ತೆಗೆದು ಸಿನಿಮಾದವರದೇ ಪುಟ ತೋರಿಸಿದಳು. ಹೋದ ದಸರಾಕ್ಕೇ ಹಾಕಿದ್ದರು, ಆ ಹಾಲಿಗೆ ಬಂದವರ ಫೋಟೊಗಳನ್ನೆಲ್ಲ. ಆ ಗುಂಪಿನಲ್ಲಿ ಸುಜಾತಾಳದೂ ಇತ್ತು, ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಸಾಯಿರಾಳದೂ ಇತ್ತು.

“ಯಾರು ಬೇಕಾದ್ರೂ ತಗೋಬಹುದಿತ್ತು,” ಎಂದಳು ಸಾಯಿರಾ. “ನೀ ನನ್ನ ಮ್ಯಾಲೇ ಶಕ್ ಮಾಡಿದಿ.”

“ತಪ್ಪಾತು ಸಾಯಿರಾ.”

“ಆತು ಬಿಡು. ಆದ್ರ ಒಂದು ಮಾತು. ಸಿನಿಮಾ ನೋಡಿದ್ದು ನೀನೋ, ನಿನ್ನ ಸಿಟ್ಟೋ? ಮಂದಿ ಕೇಳೂದು ಬಿಡು, ನೀ ಕೇಳಿಕೊಂಡಿಯೇನು?”

ಆ ಪ್ರಶ್ನೆ ಸುಜಾತಾಳನ್ನು ಬಿಡಲಿಲ್ಲ. ಮರುದಿನ ಇಬ್ಬರೂ ಕಲಬುರಗಿಗೆ ಹೋದರು. ‘ಫರಸಿ’ಗೆ ಅರ್ಧ ಕುರ್ಚಿ ಖಾಲಿ. ಹೀರೊಯಿನ್ನಿನ ಸೀರೆಗೆ ಈ ಸಲವೂ ಧೂಳಿರಲಿಲ್ಲ. ಹೀರೊ ಈ ಸಲವೂ ಭಾಷಣ ಬಿಗಿದ. ಆಮೇಲೆ ಆ ದೃಶ್ಯ ಬಂತು. ಗಣಿಯಲ್ಲಿ ಕಲ್ಲು ಸಿಡಿಸುವ ಮದ್ದು ಹಾರಿದ ಸದ್ದು. ಮಗ ಅಲ್ಲೇ ಇದ್ದಾನೆ. ತಾಯಿ ಚೀರುವುದಿಲ್ಲ. ಮೊದಲು ಹಿಟ್ಟು ನಾದುತ್ತಿದ್ದ ಅಗಲ ಪರಾತಕ್ಕೆ ಬಟ್ಟೆ ಮುಚ್ಚುತ್ತಾಳೆ, ಆಮೇಲೆ ಓಡುತ್ತಾಳೆ. ಇದನ್ನೇ ಸುಜಾತಾ ಕಟ್ಟಿಗೆ ಎಂದಿದ್ದಳು. ರಾವೂರಿನಲ್ಲಿ ಅವಳ ಚಿಕ್ಕಮ್ಮ ಲಾಲಮ್ಮ ಮದ್ದಿನ ಸದ್ದಾದಾಗಲೆಲ್ಲ ಹೀಗೇ ಮಾಡುತ್ತಿದ್ದಳು, ಅನ್ನದಲ್ಲಿ ಧೂಳು ಬೀಳಬಾರದೆಂದು. ಮಗ ಸಾಯುತ್ತಿರಬಹುದಾದಾಗಲೂ ಈ ತಾಯಿಯ ಕೈ ಆ ರೂಢಿ ಬಿಡಲಿಲ್ಲ. ಆ ಪಾತ್ರ ತನಗೆ ಸಿಕ್ಕಿದ್ದರೆ ಎದೆ ಬಡಿದುಕೊಂಡು ಅಳುತ್ತಿದ್ದೆ ಎಂದು ಸುಜಾತಾಳಿಗೆ ಖಾತ್ರಿಯಾಗಿತ್ತು.

ಸಂಜೆ ಮೊದಲು ದಿಲೀಪನನ್ನು ಕೂಡಿಸಿಕೊಂಡು ಎಲ್ಲ ಹೇಳಿದಳು, ಫೋನು ಕಾಯುತ್ತ ಕೂತದ್ದನ್ನೂ. “ಇಷ್ಟಕ್ಕ ಮುಚ್ಚಿಟ್ಟಿಯೇನು?” ಎಂದ ಅವನು.

“ನಾಚಿಕಿ ಆಗಿತ್ತು.”

ಅವನು ತಾನೇ ಹೋಗಿ ಚಹಾಕ್ಕೆ ಇಟ್ಟ.

ಆಮೇಲೆ ಬರೆದಳು: ‘ಪಾತ್ರ ಕೇಳಾಕ ನಾ ಹೋಗಿದ್ದು ಖರೇ. ಮೊದಲೇ ಹೇಳಬೇಕಿತ್ತು. ತಾಯಿ ಪಾತ್ರದಾಕಿನ್ನ ನಾ ನೋಡಿದ್ದೇ ತಪ್ಪು. ಆಕಿ ಭಾಳ ಚಂದ ಮಾಡ್ಯಾಳ. ಉಳದಿದ್ದು ನಾ ಅಂದಂಗೇ ಅದ.’

ಇದಕ್ಕೂ ಉತ್ತರಗಳು ಬಂದವು. ‘ಭಂಕೂರಿನವರು ಬಂದು ಹೆದರಿಸಿರಬೇಕು’ ಎಂದನೊಬ್ಬ. ‘ಮುಂದಿನ ಸಿನಿಮಾದಾಗ ಪಾತ್ರ ಕೊಡ್ತೀನಂದಿರಬೇಕು’ ಎಂದ ಇನ್ನೊಬ್ಬ. ಅಮೃತಪ್ಪ ಮಾಸ್ತರರು ಮಾತ್ರ ‘ನಾಳೆ ನೋಡಿ ಬಂದು ಹೇಳತೀನಿ’ ಎಂದು ಬರೆದರು.

ಅಂಗಡಿ ಮುಚ್ಚುವಾಗ ಸಾಯಿರಾಳಿಗೆ ಇವನ್ನೆಲ್ಲ ಓದಿ ಹೇಳಿದಳು. ಸಾಯಿರಾ ನಕ್ಕಳು. ಬಳೆಯ ಪೆಟ್ಟಿಗೆಗಳನ್ನು ಒಳಗೆ ಸರಿಸುತ್ತ, ಸಿಟ್ಟಿಲ್ಲದ ದನಿಯಲ್ಲೇ ಕೇಳಿದಳು: “ಮುಂದ ಮತ್ತೇನರ ಆದ್ರ, ಮೊದಲು ನನ್ನ ಮ್ಯಾಲೇ ಬರ್ತದಲ್ಲ ನಿನ್ನ ಶಕ್?”

ಸುಜಾತಾ ಇಲ್ಲ ಎನ್ನಲು ಬಾಯಿ ತೆರೆದಳು. ಇಲ್ಲ ಎಂದರೆ ಇವಳು ನಂಬಲಾರಳು ಎನಿಸಿ, ಷಟರಿನ ಒಂದು ತುದಿ ಹಿಡಿದು ಕೆಳಗೆಳೆಯಲು ಕೈಜೋಡಿಸಿದಳು.